ಕರಿಕಾಯಿ ಗಂಗಹನುಮಯ್ಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸರ್ಕಾರಿ ಕಚೇರಿಗಳಲ್ಲಿ ಇಪ್ಪತ್ತು ವರ್ಷದ ಹಿಂದೆ ಬೆತ್ತದ ಕುರ್ಚಿಯ ಮೇಲೆ ಕೂತವರೆಲ್ಲ ಗಂಗಹನುಮಯ್ಯನ ಬೆರಳಿನ ಕೆಲಸದ ಮೇಲೇ ಕೂತವರು. ಅವರಲ್ಲಿ ಬಹಳ ಜನಕ್ಕೆ ಅದು ಗೊತ್ತಿರಲಿಲ್ಲ. ಕುರ್ಚಿಯ ಹೆಣಿಗೆ ಹರಿದು ಜೋತುಬಿದ್ದಾಗ ಜವಾನ ಅದನ್ನು ವರಾಂಡಕ್ಕೆ ಎಳೆದು ಹಾಕುತ್ತಿದ್ದ. ಒಂದು ದಿನ ಕಪ್ಪು ಕನ್ನಡಕ ಹಾಕಿದ, ಗಿಡ್ಡನೆಯ, ಗಟ್ಟಿ ಮೈಯ ಮನುಷ್ಯನೊಬ್ಬ ಹೆಂಡತಿಯ ಭುಜ ಹಿಡಿದುಕೊಂಡು ಬಂದು, ಬಕೆಟ್ಟಿನಲ್ಲಿ ಬೆತ್ತದ ಪಟ್ಟಿ ನೆನೆಹಾಕಿ, ಸಂಜೆಯೊಳಗೆ ಕುರ್ಚಿಗೆ ಹೊಸ ಮೈ ಕೊಟ್ಟು ಹೋಗುತ್ತಿದ್ದ. ಚೌಕಟ್ಟಿನ ಸುತ್ತ ಇರುವ ತೂತುಗಳನ್ನು ಅವನ ಬೆರಳು ಒಂದೊಂದಾಗಿ ಮುಟ್ಟಿ ಹೋಗುವುದನ್ನು ನೋಡಲು ಕಕ್ಷಿದಾರರು ಸುತ್ತ ನೆರೆಯುತ್ತಿದ್ದರು. "ಕಣ್ಣಿದ್ದೋರ್ಗೂ ಇಂಗೆ ಬರಕಿಲ್ಲ ಕಣಯ್ಯ" ಎಂದು ಯಾರಾದರೂ ಹೊಗಳಿದರೆ ಅವನಿಗೆ ಸಿಟ್ಟು. "ಕಣ್ಣಿಗೂ ಇದಕ್ಕೂ ಏನ್ ಸಂಬಂಧ? ಇದು ಕೈ ಕೆಲ್ಸ" ಎಂದು ಗದರುತ್ತಿದ್ದ.

ಹುಟ್ಟಿದ್ದು ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯಲ್ಲಿ. ಮೂರು ವರ್ಷದವನಿದ್ದಾಗ ದಡಾರ ಬಂದು, ಜ್ವರ ಇಳಿಯುವ ಹೊತ್ತಿಗೆ ಎರಡು ಕಣ್ಣಿನ ಗುಡ್ಡೆಯ ಮೇಲೂ ಬಿಳಿ ಪೊರೆ ಕಟ್ಟಿತು. ಅಪ್ಪ ಇರಲಿಲ್ಲ. ಅವ್ವ ಚಿಕ್ಕಹನುಮಕ್ಕ ಅವನನ್ನು ಏಳನೇ ವಯಸ್ಸಿಗೆ ಕುರುಡು ಮಕ್ಕಳ ಹಾಸ್ಟೆಲ್ಲಿಗೆ ಸೇರಿಸಿ ವಾರ್ಡನ್ನಿಗೆ ಕೈಮುಗಿದು, "ಹೊಡದ್ರೂ ಸರಿ ಬುದ್ಧಿ, ಒಂದು ಕೆಲ್ಸ ಅಂತ ಕಲ್ಸಿ" ಅಂದಿದ್ದಳು. ವಾರ್ಡನ್ನು ಮಾತಿನ ಮೊದಲ ಅರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡ. ಬೆತ್ತ ಹೆಣೆಯುವುದನ್ನು ಹುಡುಗ ಬೆತ್ತದ ಏಟು ತಿನ್ನುತ್ತಲೇ ಕಲಿತ. ಏಟು ಬಿದ್ದ ದಿನ ಅಳುತ್ತಿರಲಿಲ್ಲ, ಊಟ ಬಿಡುತ್ತಿದ್ದ. ಅಂಥ ಹಟ.

ಚೆಸ್ ಕಲಿತದ್ದೂ ಅಲ್ಲೇ. ಕುರುಡರ ಚೆಸ್ ಬೋರ್ಡಿನಲ್ಲಿ ಪ್ರತಿ ಮನೆಗೂ ನಡುವೆ ಒಂದು ತೂತು ಇರುತ್ತದೆ. ಕಾಯಿಯ ಅಡಿಯಲ್ಲಿರುವ ಕಡ್ಡಿಯನ್ನು ಅದರೊಳಗೆ ಊರಿ ನಿಲ್ಲಿಸಬೇಕು. ಕಪ್ಪು ಮನೆಗಳು ಕೊಂಚ ಎತ್ತರ, ಬಿಳಿಯವು ತಗ್ಗು. ಕರಿಕಾಯಿ ಯಾವುದು ಎಂದು ತಿಳಿಯಲಿಕ್ಕೆ ಅವುಗಳ ನೆತ್ತಿಯ ಮೇಲೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಮೊಳೆ. ಬಿಳಿಕಾಯಿಯ ನೆತ್ತಿ ನುಣ್ಣಗೆ. ದೊಡ್ಡ ಹುಡುಗರು ಬಿಳಿ ಇಟ್ಟುಕೊಂಡು ಚಿಕ್ಕವರಿಗೆ ಕರಿ ಕೊಡುತ್ತಿದ್ದರು. ಬಿಳಿಯವನದೇ ಮೊದಲ ನಡೆ. ಕರಿಯವನು ಕಾಯಬೇಕು, ತಡೆಯಬೇಕು, ಅವನು ಬಂದಹಾಗೆಲ್ಲ ತಗ್ಗಬೇಕು ಎಂದು ದೊಡ್ಡವರು ಹೇಳಿಕೊಟ್ಟರು. ಗಂಗಹನುಮಯ್ಯನಿಗೆ ಅದು ಸರಿಬೀಳಲಿಲ್ಲ.

ಹದಿಮೂರನೇ ವಯಸ್ಸಿನಲ್ಲಿ ಬ್ರೈಲ್ ಪತ್ರಿಕೆಯೊಂದರಲ್ಲಿ ಅವನ ಬೆರಳಿಗೆ ಒಂದು ಆಟ ಸಿಕ್ಕಿತು. ಆಲ್ಬಿನ್ ಕೌಂಟರ್ ಗ್ಯಾಂಬಿಟ್ ಅಂತ ಅದರ ಹೆಸರು. ಬಿಳಿಯವನು ರಾಣಿಯ ಮುಂದಿನ ಸಿಪಾಯಿಯನ್ನು ಎರಡು ಮನೆ ತಳ್ಳಿ ಆಟ ಶುರು ಮಾಡಿದಾಗ ಮಾತ್ರ ನಡೆಯುವಂಥದ್ದು. ಕರಿಯವನೂ ತನ್ನ ರಾಣಿಯ ಸಿಪಾಯಿಯನ್ನು ಎದುರಿಗೆ ನಿಲ್ಲಿಸುತ್ತಾನೆ. ಬಿಳಿಯವನು ಪಕ್ಕದ ಸಿಪಾಯಿಯನ್ನೂ ತಂದು ಒತ್ತುತ್ತಾನೆ. ಎಲ್ಲರೂ ಅಲ್ಲಿ ತಮ್ಮ ಸಿಪಾಯಿಗೆ ಹಿಂದಿನಿಂದ ಆಸರೆ ಕೊಡುತ್ತಾರೆ. ಈ ಆಟದಲ್ಲಿ ಹಾಗಲ್ಲ. ಕರಿಯವನು ತನ್ನ ರಾಜನ ಮುಂದಿನ ಸಿಪಾಯಿಯನ್ನೇ ಎರಡು ಮನೆ ದೂಡಿ, ತಗೋ ತಿನ್ನು ಎಂದು ವೈರಿಯ ಬಾಯಿಗೆ ಹಿಡಿಯುತ್ತಾನೆ. ಬಿಳಿಯವನು ತಿನ್ನುತ್ತಾನೆ. ಅಷ್ಟರಲ್ಲಿ ಕರಿಯ ರಾಣಿಯ ಸಿಪಾಯಿ ಇನ್ನೊಂದು ಮನೆ ನುಗ್ಗಿ ಬಿಳಿಯವನ ಅಂಗಳದೊಳಗೆ ಹೋಗಿ ಕೂತುಬಿಡುತ್ತದೆ. ಅದು ಅಲ್ಲಿರುವ ತನಕ ಬಿಳಿಯವನಿಗೆ ಉಸಿರು ಸಲೀಸಾಗಿ ಆಡುವುದಿಲ್ಲ.

ಅದನ್ನು ಕೀಳುವ ಅವಸರದಲ್ಲಿ ಬಿಳಿಯವನು ತನ್ನ ರಾಜನ ಮುಂದಿನ ಸಿಪಾಯಿಯನ್ನು ಒಂದು ಮನೆ ಸರಿಸಿದನೋ, ಕೆಟ್ಟ. ಕರಿಯ ಒಂಟೆ ಚೆಕ್ ಕೊಡುತ್ತದೆ. ಆ ಒಂಟೆ ಹೋದರೂ ಹೋಗಲಿ ಎಂದು ಕರಿಯವನು ಆ ಒಂದೇ ಸಿಪಾಯಿಯಿಂದ ಹೊಡೆಯುತ್ತ ಹೊಡೆಯುತ್ತ ಏಳನೇ ನಡೆಗೆ ಕೊನೇ ಸಾಲು ಮುಟ್ಟುತ್ತಾನೆ. ಕೊನೇ ಸಾಲು ಮುಟ್ಟಿದ ಸಿಪಾಯಿಯನ್ನು ಎಲ್ಲರೂ ರಾಣಿ ಮಾಡಿಕೊಳ್ಳುತ್ತಾರೆ. ಇಲ್ಲಿ ರಾಣಿ ಮಾಡಿದರೆ ಕೆಲಸ ಕೆಟ್ಟಿತು, ಕುದುರೆ ಮಾಡಬೇಕು. ಕುದುರೆಯಾದರೆ ಮತ್ತೆ ಚೆಕ್, ಅದರ ಹಿಂದೆಯೇ ಬಿಳಿಯವನ ರಾಣಿ ಹೋಗುತ್ತದೆ. ಹುಡುಗ ಆ ಪುಟವನ್ನು ಎಷ್ಟು ಸಲ ಓದಿದನೆಂದರೆ ಚುಕ್ಕೆಗಳೆಲ್ಲ ಚಪ್ಪಟೆಯಾಗಿ ಹೋದವು. ಆ ವರ್ಷದಿಂದ ದೊಡ್ಡವರು ಬಿಳಿ ಕೊಡುತ್ತೇವೆಂದರೂ ಒಲ್ಲೆ ಎನ್ನುತ್ತಿದ್ದ. ಕರಿಕಾಯಿ ಎಂದೇ ಹೆಸರು ಬಿತ್ತು.

ಇಪ್ಪತ್ತಾರಕ್ಕೆ ಮದುವೆಯಾಯಿತು. ಲಕ್ಕಮ್ಮ ಕೊರಟಗೆರೆ ಕಡೆಯವಳು, ಕಣ್ಣು ಚೆನ್ನಾಗಿದ್ದವು. ಮೊದಲು ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದು ಮನೆಯವರಿಗೆ ಭಾರವಾಗಿದ್ದಳು. ಮಾತು ಕಡಿಮೆ. ಶಿರಾದಲ್ಲಿ ಜಾಮಿಯಾ ಮಸೀದಿಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಮಕ್ಕಳಾಗಲಿಲ್ಲ. ಗಂಡನನ್ನು ಬಸ್ಸು ಹತ್ತಿಸಿ, ಇಳಿಸಿ, ಕಚೇರಿಯಿಂದ ಕಚೇರಿಗೆ ಕರೆದುಕೊಂಡು ಹೋಗುವುದು ಅವಳ ಕೆಲಸವಾಯಿತು. ಅವನ ಮುಂಗೋಪಕ್ಕೆ ಅವಳು ಉತ್ತರ ಕೊಡುತ್ತಿರಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಮಧುಗಿರಿ ಕೋರ್ಟಿನ ಕಾಂಪೌಂಡಿನಲ್ಲಿ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ಮೇಜು ಹಾಕಿಕೊಂಡು ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತಿದ್ದವರು ನಂದೀಶ್ವರಯ್ಯ. ಗಂಗಹನುಮಯ್ಯನಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಹಣೆಗೆ ವಿಭೂತಿ, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಕಿತ್ತು ಹೊಸದು ಹಾಕುವ ಮನುಷ್ಯ. ಬೆತ್ತದವನ ಚೀಲದಲ್ಲಿ ತೂತಿನ ಬೋರ್ಡು ಕಂಡು ಅವರೇ ಕರೆದರು.

"ಚೆಸ್ ಆಡ್ತೀರೇನ್ರೀ?"

"ಆಡ್ತೀನಿ. ನಂಗೆ ಕರಿಕಾಯಿ."

ನಂದೀಶ್ವರಯ್ಯ ರಾಣಿಯ ಮುಂದಿನ ಸಿಪಾಯಿಯನ್ನು ಎರಡು ಮನೆ ತಳ್ಳಿ, ಬಾಯಲ್ಲಿ ಹೇಳಿದರು. ಕುರುಡರ ಜೊತೆ ಆಡುವಾಗ ಪ್ರತಿ ನಡೆಯನ್ನೂ ಗಟ್ಟಿಯಾಗಿ ಹೇಳಬೇಕು. ನಾಲ್ಕನೇ ನಡೆಗೆ ಅವರು ರಾಜನ ಸಿಪಾಯಿಯನ್ನು ಒಂದು ಮನೆ ಸರಿಸಿದರು. ಏಳನೇ ನಡೆಗೆ ಗಂಗಹನುಮಯ್ಯ ಕೊನೇ ಸಾಲು ಮುಟ್ಟಿ, "ಕುದುರೆ" ಅಂದ.

"ಕುದುರೆ ಯಾಕ್ರೀ? ರಾಣಿ ಮಾಡ್ಕೋಬಹುದಲ್ಲ."

"ನೋಡ್ತಾ ಇರಿ ಅಯ್ನೋರೆ."

ಎರಡು ನಡೆ ಕಳೆದು ನಂದೀಶ್ವರಯ್ಯನವರ ರಾಣಿ ಹೋಯಿತು. ಅವರು ಬಹಳ ಹೊತ್ತು ಬೋರ್ಡು ನೋಡುತ್ತ ಕೂತು, ಆಮೇಲೆ ಕನ್ನಡಕ ಒರೆಸಿಕೊಂಡು ನಕ್ಕರು. ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಮುಂದಿನ ಸಲ ಕುದುರೆಯನ್ನು ಹೊರಗೆ ತಂದರು, ಮೂಲೆಯ ಕಡೆಯಿಂದ ಒಂಟೆಗೆ ದಾರಿ ಬಿಡಿಸಿಕೊಂಡರು, ತಾಳ್ಮೆಯಿಂದ ಆಡಿ ಗೆದ್ದರು. "ನಿಮ್ಮ ಆಟ ಅವಸರದವರನ್ನ ಹೆದರಿಸೋಕೆ ಸರಿ. ನಿಧಾನವಾಗಿ ಆಡೋನ ಮುಂದೆ ನಿಲ್ಲಲ್ಲ" ಅಂದರು. ಗಂಗಹನುಮಯ್ಯ, "ನಿಲ್ಲಿಸ್ತೀನಿ" ಅಂದ. ಹದಿನೆಂಟು ವರ್ಷ ಅದೇ ಜಗಳ ನಡೆಯಿತು. ಮಧುಗಿರಿಯಲ್ಲಿ ಕುರ್ಚಿ ಇರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಮಧ್ಯಾಹ್ನ ಊಟದ ಬಿಡುವಿಗೆ ಅವನು ಆ ಮರದ ಕೆಳಗೆ ಇರುತ್ತಿದ್ದ. ನಂದೀಶ್ವರಯ್ಯನವರ ಮನೆಯಾಕೆ ದಾಕ್ಷಾಯಣಮ್ಮ ಎರಡು ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಅವನು ಹತ್ತು ಆಟದಲ್ಲಿ ಮೂರೋ ನಾಲ್ಕೋ ಗೆಲ್ಲುತ್ತಿದ್ದ. ಗೆದ್ದ ದಿನ ಬಸ್ಸಿನಲ್ಲಿ ಲಕ್ಕಮ್ಮನಿಗೆ ಆ ಆಟವನ್ನು ಮೊದಲಿಂದ ಕೊನೇ ತನಕ ಹೇಳುತ್ತಿದ್ದ. ಅವಳಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಹೂಂ ಅನ್ನುತ್ತಿದ್ದಳು.

ನಲವತ್ತು ದಾಟುತ್ತಲೇ ಬಾಯಾರಿಕೆ ಶುರುವಾಯಿತು. ಕಾಲಿನ ಗಾಯ ಒಣಗುವುದು ನಿಂತಿತು. ಆಸ್ಪತ್ರೆಯ ನರ್ಸ್ ಲೋಹಿತಾ ರಕ್ತ ನೋಡಿ, "ಶುಗರ್ ಬಹಳ ಇದೆ ಅಣ್ಣ, ಮಾತ್ರೆ ಒಂದಿನಾನೂ ಬಿಡಂಗಿಲ್ಲ, ಸಕ್ರೆ ಟೀ ಮುಟ್ಟಂಗಿಲ್ಲ" ಅಂದಳು. ಅವನು ಕೇಳಲಿಲ್ಲ. ಹೋದ ಹೋದ ಕಚೇರಿಯಲ್ಲೆಲ್ಲ ಟೀ ಬರುತ್ತಿತ್ತು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಕುರುಡ ಅಂತ ಇರುವುದು ಸಾಲದೆಂದು ರೋಗಿಷ್ಠ ಅಂತಲೂ ಅನ್ನಿಸಿಕೊಳ್ಳಲು ಅವನು ತಯಾರಿರಲಿಲ್ಲ. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದ, ಮೈ ಹಗುರವಾಗಿದೆ ಅನ್ನಿಸಿದರೆ ಬಿಡುತ್ತಿದ್ದ.

ಒಂದು ಸಂಜೆ ಲಕ್ಕಮ್ಮ ಮಡಚಿಟ್ಟ ಬೆತ್ತದ ಪಟ್ಟಿ ಎತ್ತಿ ನೋಡಿದಳು.

"ಇಕಾ, ಇದರ ಮ್ಯಾಲೆ ರಕ್ತ ಐತೆ."

"ಯಾರ್ದು?"

"ಇನ್ಯಾರ್ದು? ನಿಂದೇ. ಬೆಳ್ಳೊಳಗೆ ಸಿಬರು ನಟ್ಕೊಂಡೈತೆ. ಗೊತ್ತಾಗ್ಲಿಲ್ವಾ?"

ಅವನು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ನೋಡಿದ. ಬೆರಳಿನ ತುದಿಗೆ ಯಾರೋ ತೆಳ್ಳನೆಯ ಬಟ್ಟೆ ಸುತ್ತಿದ ಹಾಗಿತ್ತು. ಹೀಗೆ ಆಗಿ ಎಷ್ಟು ದಿನವಾಯಿತು ಎಂದು ಯೋಚಿಸಿದ. ಬಹಳ ದಿನವಾಗಿತ್ತು. "ಚಳಿಗೆ ಮರಗಟ್ಟೈತೆ, ಬುಡು" ಅಂದ. ಅದು ಏಪ್ರಿಲ್ ತಿಂಗಳು.

ತುಮಕೂರಿನಲ್ಲಿ ಅಂಧರ ಚೆಸ್ಸಿನ ಆಯ್ಕೆ ಪಂದ್ಯ ಇಟ್ಟಿದ್ದರು. ಅವನು ಮೊದಲಿನಿಂದಲೂ ಹೋಗುತ್ತಿದ್ದ, ಒಮ್ಮೆ ಎರಡನೇ ಸ್ಥಾನದ ತನಕ ಬಂದಿದ್ದ. ಈ ಸಲ ಕೊನೇ ಸುತ್ತಿನಲ್ಲಿ ಅವನ ಎದುರು ಕೂತವನು ಪಾವಗಡದ ಗೌರೀಶ್, ಇಪ್ಪತ್ತೆರಡು ವರ್ಷದ ಕುರುಡ ಹುಡುಗ, ಕಾಲೇಜು ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದವನು. ಮಾತಾಡುವ ಕಂಪ್ಯೂಟರಿನ ಜೊತೆ ಆಡಿ ಆಡಿ ಕಲಿತಿದ್ದ. ಇಬ್ಬರಿಗೂ ಬೇರೆ ಬೇರೆ ಬೋರ್ಡು. ಹುಡುಗ ರಾಣಿಯ ಸಿಪಾಯಿ ತಳ್ಳಿದ. ಗಂಗಹನುಮಯ್ಯನ ಎದೆ ಹಿಗ್ಗಿತು. ಎರಡನೇ ನಡೆಗೆ ತನ್ನ ಸಿಪಾಯಿಯನ್ನು ಬಾಯಿಗೆ ಹಿಡಿದ, ಮೂರನೆಯದಕ್ಕೆ ನುಗ್ಗಿ ಕೂತ.

ಅವತ್ತಿನ ಆಟ ಅವನ ಜೀವಮಾನದಲ್ಲೇ ಒಳ್ಳೆಯದು. ಹುಡುಗ ತಾಳ್ಮೆಯಿಂದಲೇ ಆಡಿದ, ಆದರೂ ಅವನ ರಾಜನಿಗೆ ಕೂರಲು ಜಾಗವಿರಲಿಲ್ಲ. ಹದಿನೇಳನೇ ನಡೆಗೆ ಗಂಗಹನುಮಯ್ಯ ಒಂಟೆಯನ್ನು ಬಿಟ್ಟುಕೊಟ್ಟರೆ ಮುಂದೆ ನಾಲ್ಕೇ ನಡೆ, ಆಟ ಮುಗಿಯಿತು. ಅವನು ಒಂಟೆಗೆ ಕೈ ಹಾಕಿದ, ಕಿತ್ತ. ಕಿತ್ತದ್ದು ಒಂಟೆಯಾಗಿರಲಿಲ್ಲ. ಪಕ್ಕದಲ್ಲಿದ್ದ ಸಿಪಾಯಿ, ವೈರಿಯ ಅಂಗಳದಲ್ಲಿ ಕೂತಿದ್ದ ಅದೇ ಸಿಪಾಯಿ ಕೈಗೆ ಬಂದಿತ್ತು. ಅದನ್ನು ಒಂಟೆ ಎಂದೇ ತಿಳಿದು ಇನ್ನೊಂದು ಮನೆಯ ಕಡೆ ಒಯ್ದಾಗ ತೀರ್ಪುಗಾರರು ಕೈ ಹಿಡಿದರು.

"ಸಿಪಾಯಿ ತೆಗೆದಿದ್ದೀರಿ. ತೂತಿನಿಂದ ಹೊರಗೆ ಬಂದ ಕಾಯಿಯನ್ನೇ ನಡೆಸಬೇಕು."

"ಒಂಟೆ ಇದು."

"ಸಿಪಾಯಿ ಸಾರ್. ಮುಟ್ಟಿ ನೋಡಿ."

ಅವನು ಮುಟ್ಟಿ ನೋಡಿದ. ಬೆರಳಿನಿಂದ ತಿಳಿಯಲಿಲ್ಲ, ತುಟಿಗೆ ಹಚ್ಚಿ ನೋಡಿದ. ಸಿಪಾಯಿಯ ಗುಂಡು ತಲೆ ತುಟಿಗೆ ತಾಕಿತು.

"ಅನ್ನಾ, ನಂದೇನೂ ತಕರಾರಿಲ್ಲ, ವಾಪಸ್ ಇಟ್ಬುಡಿ" ಎಂದ ಗೌರೀಶ್, ಪಾವಗಡದ ತೆಲುಗು ಎಳೆತದಲ್ಲಿ. "ನೀವು ಒಂಟೆ ಅಂತಾನೇ ಅನ್ಕೊಂಡಿದ್ರಿ ಕದಾ."

"ನಿನ್ನ ತಕರಾರು ಯಾವನಿಗೆ ಬೇಕಾಗಿತ್ತು? ರೂಲ್ ಅಂದ್ರೆ ರೂಲ್" ಎಂದು ಗಂಗಹನುಮಯ್ಯ ಸಿಪಾಯಿಯನ್ನು ಮುಂದೆ ತಳ್ಳಿದ. ಅದು ಹೋಯಿತು, ಅದರ ಹಿಂದೆ ಎಲ್ಲವೂ ಹೋಯಿತು. ಮನೆಗೆ ಬಂದು ಲಕ್ಕಮ್ಮನಿಗೆ ಸೋತೆ ಎಂದಷ್ಟೇ ಹೇಳಿದ. ಹೇಗೆ ಎಂದು ಹೇಳಲಿಲ್ಲ.

ಬೆತ್ತದ ಕೆಲಸವೂ ಹಾಗೇ ಜಾರತೊಡಗಿತು. ಅಡ್ಡ ಎಳೆಯುವ ಪಟ್ಟಿ ಒಂದು ತೂತು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿತ್ತು. ಕೊರಟಗೆರೆಯಲ್ಲಿ ಒಬ್ಬ ಅಧಿಕಾರಿ ಕುರ್ಚಿಯಲ್ಲಿ ಕೂತವರು ಹೆಣಿಗೆ ಬಿಟ್ಟುಕೊಂಡು ಒಳಗೆ ಕುಸಿದರು. ಅವರಿಗೇನೂ ಆಗಲಿಲ್ಲ, ಆದರೆ ಸುದ್ದಿ ಹರಡಿತು. ಹೇಗೂ ಎಲ್ಲ ಕಚೇರಿಗೂ ಗಾಲಿಯ ಮೆತ್ತೆ ಕುರ್ಚಿಗಳು ಬರುತ್ತಿದ್ದವು. ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಲಕ್ಕಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿಕೊಂಡಳು. ಆಮೇಲಿಂದ ಅವನು ಕೋಲು ಹಿಡಿದು ಒಬ್ಬನೇ ಬಸ್ಸು ಹತ್ತುತ್ತಿದ್ದ.

ಮಧುಗಿರಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಬೆರಳಿನ ಸಂಗತಿಯನ್ನು ಮುಚ್ಚಿಟ್ಟ. ಇಡೀ ಬೋರ್ಡನ್ನು ತಲೆಯಲ್ಲೇ ಇಟ್ಟುಕೊಂಡು, ಕಾಯಿಗಳ ಮೇಲೆ ಸುಮ್ಮನೆ ಕೈಯಾಡಿಸುತ್ತ, ಮುಟ್ಟಿ ತಿಳಿದವನ ಹಾಗೆ ನಟಿಸುತ್ತ ಆಡುತ್ತಿದ್ದ. ಆಶ್ಚರ್ಯವೆಂದರೆ ಆ ತಿಂಗಳುಗಳಲ್ಲಿ ಗೆಲುವು ಹೆಚ್ಚಾಯಿತು. ಹತ್ತರಲ್ಲಿ ಆರು, ಏಳು. ಕಣ್ಣು ಹೋದಾಗ ಬೆರಳು ಚುರುಕಾಯಿತು, ಬೆರಳು ಹೋದಾಗ ತಲೆ ಚುರುಕಾಗುತ್ತಿದೆ ಎಂದು ಒಳಗೊಳಗೇ ಹಿಗ್ಗಿದ. ಅದೇ ವರ್ಷ ದಾಕ್ಷಾಯಣಮ್ಮ ತೀರಿಕೊಂಡರು. ನಂದೀಶ್ವರಯ್ಯ ಹದಿನೈದು ದಿನ ಮನೆಯಲ್ಲಿದ್ದು ಮತ್ತೆ ಮರದ ಕೆಳಗೆ ಬಂದು ಕೂತರು. ಅಷ್ಟೊತ್ತಿಗೆ ಟೈಪ್ ಮಾಡಿಸುವವರೂ ಇರಲಿಲ್ಲ, ಎಲ್ಲರೂ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದ್ದರು. ಅವರು ಬರುತ್ತಿದ್ದುದು ಆಟಕ್ಕೆ.

ಅವತ್ತೊಂದು ದಿನ ಆಟ ಶುರುವಾಗಿ ಮೂರು ನಡೆ ಕಳೆದಿತ್ತು. ನಂದೀಶ್ವರಯ್ಯ ಹೇಳಿದರು, "ರಾಜನ ಮುಂದಿನ ಸಿಪಾಯಿ, ಒಂದು ಮನೆ."

ಗಂಗಹನುಮಯ್ಯ ತಲೆಯೆತ್ತಿದ. "ಏನಂದ್ರಿ?"

"ರಾಜನ ಸಿಪಾಯಿ ಒಂದು ಮನೆ."

ಮೊದಲ ಆಟ ಬಿಟ್ಟರೆ ಹದಿನೆಂಟು ವರ್ಷದಲ್ಲಿ ಒಂದು ಸಲವೂ, ಜ್ವರ ಬಂದಾಗಲೂ, ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ ಅವರು ಆ ನಡೆ ಆಡಿರಲಿಲ್ಲ. ಗಂಗಹನುಮಯ್ಯ ಒಂಟೆಯಿಂದ ಚೆಕ್ ಕೊಟ್ಟ. ಹೊಡೆದ, ಮತ್ತೆ ಹೊಡೆದ, ಕೊನೇ ಸಾಲು ಮುಟ್ಟಿ ಕುದುರೆ ಎಂದ. ಎದುರಿನಿಂದ, "ಅಯ್ಯೋ, ನೋಡಿ, ಮರೆತೇಬಿಟ್ಟಿದ್ದೆ" ಎಂಬ ಮಾತು ಬಂತು. ಆ ದನಿಯಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ನಂದೀಶ್ವರಯ್ಯನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಯಾಕೆ ಮಾಡಿದ್ರಿ?"

"ಏನು?"

"ಬೇಕೂ ಅಂತ ಸೋತ್ರಿ. ಎಷ್ಟು ದಿವ್ಸದಿಂದ ನಡೀತೈತೆ ಇದು?"

"ಎಂಟು ತಿಂಗಳಾಯ್ತು ಗಂಗಹನುಮಯ್ಯ. ನೀವು ಪಕ್ಕದ ತೂತಿಗೆ ಊರಿದ ಕಾಯಿಗಳನ್ನ ನಾನು ಸರಿಯಾಗಿ ಇಡ್ತಾ ಇದ್ದೆ. ಅದೇನು ದೊಡ್ಡದಲ್ಲ. ಆದರೆ ಮೂರು ಸಲ ನನ್ನ ಒಂಟೇನ ನಿಮ್ಮದು ಅಂದ್ಕೊಂಡು ನಡೆಸಿದ್ರಿ. ನೆತ್ತಿ ಮೇಲಿನ ಮೊಳೆ ನಿಮಗೆ ತಿಳೀತಾ ಇಲ್ಲ. ಹೇಗೆ ಹೇಳಲಿ? ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ."

"ಅಂದ್ರೆ ನಾನು ಗೆದ್ದಿದ್ದೆಲ್ಲ..."

"ಎಲ್ಲ ಅಲ್ಲ."

"ಯಾವ್ದು ಅಂತ ಹೇಳಿ ಮತ್ತೆ!"

ಗಂಗಹನುಮಯ್ಯ ಬೋರ್ಡನ್ನು ಎರಡು ಕೈಯಲ್ಲೂ ಎತ್ತಿ ನೆಲಕ್ಕೆ ಬಡಿದ. ಕಾಯಿಗಳು ಹೊಂಗೆಯ ಎಲೆಗಳ ನಡುವೆ ಚೆಲ್ಲಾಡಿದವು. ಆಮೇಲೆ ಅವನ ಬಾಯಲ್ಲಿ ಬಂದ ಮಾತು ಅವನು ಯೋಚಿಸಿ ಆಡಿದ್ದಲ್ಲ. ಹಾಗಂತ ಸುಳ್ಳೆಂದು ತಿಳಿದು ಆಡಿದ್ದೂ ಅಲ್ಲ.

"ಹೆಂಡ್ತಿ ಸತ್ತೋದ್ಮ್ಯಾಲೆ ಮನೇಲಿ ಮಾತಾಡ್ಸೋ ನಾಯಿ ಇಲ್ಲ ನಿಮ್ಗೆ. ಅದ್ಕೆ ಒಬ್ಬ ಕುರುಡನ್ನ ಕೂಳು ಹಾಕಿ ಸಾಕ್ಕೊಂಡಿದೀರ. ಆ ಯಮ್ಮ ಬದುಕಿದ್ದಾಗ ಆಕೆ ಮುಂದೇನೂ ಇಂಗೇ ನಾಟ್ಕ ಆಡ್ತಿದ್ರೇನೋ!"

ನಂದೀಶ್ವರಯ್ಯ ನೆಲದ ಮೇಲೆ ಕೂತು ಕಾಯಿ ಆಯುತ್ತಿರುವ ಸದ್ದು ಗಂಗಹನುಮಯ್ಯನಿಗೆ ಕೇಳಿಸಿತು. ಒಂದೊಂದನ್ನೇ ಹುಡುಕಿ ಚೀಲಕ್ಕೆ ಹಾಕುತ್ತಿದ್ದರು. ಮಂಡಿನೋವಿನ ಮನುಷ್ಯ, ಏಳುವಾಗ ಮೇಜು ಹಿಡಿದು ನರಳಿದರು. ಚೀಲವನ್ನು ಇವನ ಕೈಗೆ ಕೊಟ್ಟು, "ಮೂವತ್ತೆರಡೂ ಇವೆ" ಅಂದರು. ಇವನು ಕೋಲು ಕುಟ್ಟುತ್ತ ಹೊರಟುಬಿಟ್ಟ. ಮತ್ತೆ ಮಧುಗಿರಿಗೆ ಹೋಗಲಿಲ್ಲ.

ಮುಂದಿನ ವರ್ಷ ಬೇಸಗೆಯಲ್ಲಿ ಪಾವಗಡದ ಒಂದು ಕಚೇರಿಯಿಂದ ಕರೆ ಬಂತು. ಹೋದ. ಹೋಗುವಷ್ಟರಲ್ಲಿ ಹೊಸ ಕುರ್ಚಿ ಬಂದು ಹಳೆಯವನ್ನು ಹರಾಜಿಗೆ ಹಾಕಿದ್ದರು. ಟೀ ಕುಡಿಸಿ ಕಳಿಸಿದರು. ವಾಪಸ್ಸು ಬರುವಾಗ ಖಾಸಗಿ ಬಸ್ಸಿನ ಡ್ರೈವರು ಕುರುಡನೆಂದು ಮರುಕದಿಂದ ಮುಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಗಂಗಹನುಮಯ್ಯ ಚಪ್ಪಲಿ ಬಿಟ್ಟು ಬಲಗಾಲನ್ನು ಎಂಜಿನ್ನಿನ ಮುಚ್ಚಳದ ಮೇಲೆ ಚಾಚಿ ನಿದ್ದೆ ಹೋದ. ಶಿರಾ ಬರುವ ತನಕ ಎರಡು ಗಂಟೆ ಅಂಗಾಲು ಅಲ್ಲೇ ಇತ್ತು. ಅವನಿಗೆ ಕಾವು ಏನೂ ತಿಳಿಯಲಿಲ್ಲ. ಮನೆಯೊಳಗೆ ಕಾಲಿಟ್ಟಾಗ ಲಕ್ಕಮ್ಮ ಹೊಸಿಲಿನಿಂದ ನೆಲದ ಮೇಲೆ ಬಿದ್ದ ಒದ್ದೆ ಗುರುತನ್ನು ನೋಡಿ, "ಏನ್ ತುಳ್ಕೊಂಡ್ ಬಂದೆ?" ಎಂದು ಬಗ್ಗಿದಳು. ಅಂಗಾಲಿನ ಚರ್ಮ ಚಪ್ಪಲಿಗೆ ಅಂಟಿಕೊಂಡು ಬಂದಿತ್ತು.

ಲೋಹಿತಾ ದಿನಾ ಬಂದು ಗಾಯ ತೊಳೆದು ಬಟ್ಟೆ ಕಟ್ಟಿದಳು. ಮೂರನೇ ವಾರಕ್ಕೆ ಕಾಲ್ಬೆರಳು ಕಪ್ಪಾದವು. "ಅಕ್ಕ, ಇಲ್ಲಿ ಆಗಲ್ಲ, ಇವತ್ತೇ ಕರ್ಕೊಂಡ್ ಹೋಗಿ" ಅಂದಳು. ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು.

ಗಂಡನನ್ನು ಕೇಳದೆ ಲಕ್ಕಮ್ಮ ನಂದೀಶ್ವರಯ್ಯನವರಿಗೆ ಫೋನ್ ಮಾಡಿಸಿದಳು. ಮಾರನೇ ದಿನವೇ ಅವರು ಬಂದರು. ವಾರ್ಡಿನ ಗದ್ದಲದ ನಡುವೆಯೂ ಗಂಗಹನುಮಯ್ಯ ಆ ಹೆಜ್ಜೆ ಗುರುತಿಸಿದ, ವಿಭೂತಿಯ ವಾಸನೆ ಗುರುತಿಸಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಸ್ಟೂಲು ಎಳೆದ ಸದ್ದಾಯಿತು. ಅವರು ಕೂತರು. ಹೇಗಿದ್ದೀರಿ ಎಂದು ಕೇಳಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಮೆಲ್ಲಗೆ ಅಂದರು:

"ರಾಣಿಯ ಸಿಪಾಯಿ, ಎರಡು ಮನೆ."

ಉತ್ತರ ಅವನ ನಾಲಿಗೆಯ ಮೇಲೇ ಇತ್ತು. ಬೋರ್ಡು ಬೇಕಿರಲಿಲ್ಲ, ಬೆರಳು ಬೇಕಿರಲಿಲ್ಲ. ಅಲ್ಲೇ ಮಲಗಿದ್ದ ಹಾಗೆಯೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಬಾಯಿ ತೆರೆಯಲು ಆಗಲಿಲ್ಲ. ಅವತ್ತು ಮರದ ಕೆಳಗೆ ಆಡಿದ ಮಾತು ಇಬ್ಬರ ನಡುವೆ ಅಡ್ಡ ನಿಂತಿತ್ತು. ಮೊದಲು ಅದನ್ನು ತೆಗೆಯಬೇಕಿತ್ತು, ತೆಗೆಯುವುದು ಹೇಗೆಂದು ಅವನು ಹುಟ್ಟಿದಾಗಿನಿಂದ ಕಲಿತಿರಲಿಲ್ಲ. ನಂದೀಶ್ವರಯ್ಯ ಅರ್ಧ ಗಂಟೆ ಕಾದರು. ಆಮೇಲೆ ಲಕ್ಕಮ್ಮನ ಹತ್ತಿರ, "ನಿದ್ದೆ ಬಂದಿರಬೇಕು, ಎಬ್ಬಿಸಬೇಡಮ್ಮ" ಎಂದು ಹೇಳಿ ಹೋದರು.

ಏಳು ತಿಂಗಳು ಕಳೆದು, ದೀಪಾವಳಿಯ ಎದುರಿಗೆ, ನಂದೀಶ್ವರಯ್ಯ ಬಚ್ಚಲಲ್ಲಿ ಬಿದ್ದು ಹೋದರು. ಪಾರ್ಶ್ವವಾಯು. ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಪೇಪರಿನವನು ಬಾಗಿಲಲ್ಲಿ ಹಾಗೇ ಬಿದ್ದಿದ್ದ ಪೇಪರು ನೋಡಿ ಅಕ್ಕಪಕ್ಕದವರನ್ನು ಕರೆದ. ಸುದ್ದಿ ಶಿರಾಕ್ಕೆ ಬರುವಾಗ ಮಣ್ಣು ಮಾಡಿ ಆಗಿತ್ತು. ಲಕ್ಕಮ್ಮ ಬೆಳಿಗ್ಗೆ ಮುದ್ದೆ ಬಡಿಸುತ್ತ ಹೇಳಿದಳು. ಅವನು ತಟ್ಟೆಯೊಳಗೆ ಕೈಯಿಟ್ಟವನು ಹಾಗೇ ಕೂತ.

"ಎರಡು ದಿವ್ಸ ಬಿದ್ದಿದ್ರಾ?"

"ಹೂಂ ಅಂತೆ."

"ಜೀವ ಇತ್ತಾ ಆಗ?"

"ಅದ್ಯಾರ್ಗೆ ಗೊತ್ತು?"

ಆಗ ಅವನು ಅವತ್ತಿನ ಮಾತನ್ನು ಮೊದಲ ಸಲ ಅವಳಿಗೆ ಹೇಳಿದ. ಒಂದು ಪದವನ್ನೂ ಬಿಡದೆ, ಹೇಗೆ ಅಂದಿದ್ದನೋ ಹಾಗೆಯೇ. ಲಕ್ಕಮ್ಮ ಕೇಳಿಸಿಕೊಂಡಳು. ಸಾಮಾನ್ಯವಾಗಿ ಎದ್ದು ಹೋಗುವವಳು ಅವತ್ತು ಏಳಲಿಲ್ಲ.

"ಆಸ್ಪತ್ರೇಲಿ ನಿದ್ದೆ ಮಾಡ್ತಿರ್ಲಿಲ್ಲ ನೀನು. ನಂಗೊತ್ತಿತ್ತು" ಅಂದಳು. "ಅವ್ರ್ಗೂ ಗೊತ್ತಿತ್ತು."

"ಮಾತಾಡ್ಬೇಕಾಗಿತ್ತು."

"ಆಡ್ಬೇಕಾಗಿತ್ತು" ಎಂದಳು ಅವಳು. ಸಮಾಧಾನಕ್ಕೆಂದು ಇನ್ನೇನೂ ಸೇರಿಸಲಿಲ್ಲ. ಶಾಲೆಗೆ ಹೊತ್ತಾಗಿತ್ತು, ಸೆರಗು ಸಿಕ್ಕಿಸಿಕೊಂಡು ಹೋದಳು.

ಈಗ ಅವನು ಹಗಲೆಲ್ಲ ಬಾಗಿಲ ಬಳಿ ಕೂತಿರುತ್ತಾನೆ. ಕೃತಕ ಕಾಲು ಕೊಟ್ಟಿದ್ದಾರೆ, ಹಾಕಿದರೆ ಮೊಂಡುಗಾಲು ಹುಣ್ಣಾಗುತ್ತದೆ, ಹುಣ್ಣಾಗಿದ್ದು ಅವನಿಗೆ ತಿಳಿಯುವುದಿಲ್ಲ. ಹಾಗಾಗಿ ಅದು ಮಂಚದ ಕೆಳಗಿದೆ. ಗಲ್ಲಿಯ ಮಕ್ಕಳು ಚೆಸ್ ಹೇಳಿಕೊಡಿ ತಾತ ಎಂದು ಒಂದೆರಡು ಸಲ ಕೇಳಿ, ಬೈಗುಳ ತಿಂದು ಸುಮ್ಮನಾಗಿದ್ದಾರೆ. ಬೆತ್ತದ ಉಳಿದ ಪಟ್ಟಿಗಳನ್ನು ಲಕ್ಕಮ್ಮ ಒಲೆಗೆ ಹಾಕಿದಳು. ಒಣಗಿ ಮುರಿಯುತ್ತಿದ್ದವು.

ಮಾತ್ರೆ ಮಾತ್ರ ಹೊತ್ತು ತಪ್ಪಿಸುವುದಿಲ್ಲ. ಟೀ ಬಿಟ್ಟಿದ್ದಾನೆ. ಲೋಹಿತಾ ಹೇಳಿಕೊಟ್ಟ ಹಾಗೆ ದಿನಾ ಬೆಳಿಗ್ಗೆ ಲಕ್ಕಮ್ಮ ಕೆಲಸಕ್ಕೆ ಹೊರಡುವ ಮುಂಚೆ ಅವನು ಎಡಗಾಲನ್ನು ಅವಳ ಮಡಿಲಿಗೆ ಚಾಚುತ್ತಾನೆ. ಅವಳು ಬೆಳಕಿಗೆ ತಿರುಗಿಸಿ, ಬೆರಳ ಸಂದು ಬಿಡಿಸಿ, ಹಿಮ್ಮಡಿಯನ್ನು ಒತ್ತಿ ನೋಡುತ್ತಾಳೆ. "ಐತಾ ಏನಾರ?" ಎಂದು ಅವನು ಕೇಳುತ್ತಾನೆ. "ಏನೂ ಇಲ್ಲ" ಎನ್ನುತ್ತಾಳೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಹೋದ ತಿಂಗಳು ಒಂದು ಬೆಳಿಗ್ಗೆ ಅವನು ಕೇಳಿದಾಗ ಅವಳು ಕಿರುಬೆರಳನ್ನು ಹಿಡಿದೇ ಕೂತಿದ್ದಳು.

"ಹೇಳು" ಅಂದ. "ಮುಚ್ಚಿಡಬ್ಯಾಡ."

"ಕಡ್ಲೆಕಾಳಷ್ಟು ಐತೆ. ಕಪ್ಪಗೆ."

"ಮುಟ್ಟಿದೀಯಾ ಈಗ?"

"ಹೂಂ, ಮುಟ್ಟಿದೀನಿ."

ಅವನು ತಲೆ ಆಡಿಸಿದ. ಗೋಡೆ ಹಿಡಿದು ಎದ್ದು, ಗೂಟದಿಂದ ಅಂಗಿ ತೆಗೆದುಕೊಂಡ. "ಇವತ್ತು ರಜ ಹೇಳ್ಬುಡು. ಆಟೋ ಕರಿ, ಆಸ್ಪತ್ರೆಗೆ ಹೋಗವ" ಅಂದ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನ ಬೆರಳಿಗೆ ಬರುತ್ತಿರಲಿಲ್ಲ. ಲಕ್ಕಮ್ಮ ಎದ್ದು ಬಂದು ಮೇಲಿನಿಂದ ಒಂದೊಂದಾಗಿ ಹಾಕಿದಳು.